ಗಂಟಿಗೆ ಕತ್ತಿ ತಾಗುವ ಮೊದಲು: ಸಾರ್ಕೋಮಾ ಬಗ್ಗೆ ಊರಿಗೆ ತಿಳಿಸುವುದು, ರೋಗಿಗೆ ಜೊತೆಯಾಗುವುದು

"ತೊಡೆಯಲ್ಲಿದ್ದ ಗಂಟು ತೆಗೆಸಿದ ಮೇಲೆ ಸಾರ್ಕೋಮಾ ಅಂತ ರಿಪೋರ್ಟ್ ಬಂದಿದೆ, ಈಗ ಏನು ಮಾಡಬೇಕು?" "ಇಂಥ ಕ್ಯಾನ್ಸರ್ ಹೆಸರನ್ನೇ ಕೇಳಿರಲಿಲ್ಲ, ನಮ್ಮ ಊರಿನವರಿಗೆ ಹೇಗೆ ತಿಳಿಸೋದು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವೆರಡು. ಎರಡನೆಯದಕ್ಕೆ ಉತ್ತರ ಸಿಕ್ಕಿದ್ದರೆ ಮೊದಲನೆಯದು ಎಷ್ಟೋ ಮನೆಗಳಲ್ಲಿ ಹುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಎರಡನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇವೆ. ರೋಗಿಯ ಮನೆಯವರು 2ರಿಂದ 6ನೇ ಹಂತವನ್ನು ಮೊದಲು ಓದಿ. ಜಾಗೃತಿ ಕೆಲಸಕ್ಕೆ ಇಳಿಯುವವರು 1 ಮತ್ತು 7ನ್ನು ಓದಿ. ಆದರೆ 2ನೇ ಹಂತವನ್ನು ಯಾರೂ ಬಿಡಬೇಡಿ.

ಸಾರ್ಕೋಮಾ ಎಂದರೆ ಕೊಬ್ಬು, ಸ್ನಾಯು, ನರ, ರಕ್ತನಾಳ, ಕೀಲುಗಳ ಸುತ್ತಲಿನ ಪದರ, ಮೂಳೆ ಇವುಗಳಲ್ಲಿ ಹುಟ್ಟುವ ಕ್ಯಾನ್ಸರ್. ಮೂಳೆಯನ್ನು ಬಿಟ್ಟು ಉಳಿದವುಗಳಲ್ಲಿ ಬಂದರೆ ಮೃದು ಅಂಗಾಂಶದ ಸಾರ್ಕೋಮಾ ಎನ್ನುತ್ತಾರೆ. ದೊಡ್ಡವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇ. 1ರಷ್ಟು. ಮಕ್ಕಳಲ್ಲಿ ಈ ಪಾಲು ಹೆಚ್ಚು. ಅಷ್ಟು ಚಿಕ್ಕ ಪಾಲಿನಲ್ಲೇ 70ಕ್ಕೂ ಹೆಚ್ಚು ಬಗೆಗಳಿವೆ: ಕೊಬ್ಬಿನದು ಲೈಪೋಸಾರ್ಕೋಮಾ, ನಯವಾದ ಸ್ನಾಯುವಿನದು ಲಿಯೋಮಯೋಸಾರ್ಕೋಮಾ, ಹದಿಹರೆಯದವರಲ್ಲೂ ಯುವಕರಲ್ಲೂ ಕಾಣುವ ಸೈನೋವಿಯಲ್ ಸಾರ್ಕೋಮಾ, ಮಕ್ಕಳ ರ‍್ಯಾಬ್ಡೋಮಯೋಸಾರ್ಕೋಮಾ, ಜಠರ ಮತ್ತು ಕರುಳಿನ ಗೋಡೆಯಲ್ಲಿ ಬೆಳೆಯುವ ಜಿಸ್ಟ್. ಒಬ್ಬ ಸಾಮಾನ್ಯ ವೈದ್ಯರು ವೃತ್ತಿಜೀವನವಿಡೀ ಇಂಥ ಒಬ್ಬಿಬ್ಬರು ರೋಗಿಗಳನ್ನಷ್ಟೇ ನೋಡಿರಬಹುದು. ಗಂಟು ಕಂಡ ಕೂಡಲೇ ಅವರ ಮನಸ್ಸಿಗೆ ಕ್ಯಾನ್ಸರ್ ಹೊಳೆಯದಿದ್ದರೆ ಅದಕ್ಕೆ ಕಾರಣ ಇದು.

ಹಂತ 1: ಹೇಳಬೇಕಾದ ಮಾತನ್ನು ಮೊದಲು ಸರಿಮಾಡಿಕೊಳ್ಳಿ

ಜನರಿಗೆ 70 ಬಗೆಗಳ ಹೆಸರು ಬೇಡ. ಯಾವ ಗಂಟನ್ನು ತೋರಿಸಬೇಕು ಎಂಬುದಷ್ಟೇ ತಿಳಿದರೆ ಸಾಕು. ಈ ಐದರಲ್ಲಿ ಒಂದಿದ್ದರೂ ಸ್ಕ್ಯಾನ್ ಆಗಲೇಬೇಕು:

— ಗಂಟು 5 ಸೆಂ.ಮೀ.ಗಿಂತ ದೊಡ್ಡದು. ಅಳತೆಪಟ್ಟಿ ಇಲ್ಲದಿದ್ದರೆ ಎರಡು 5 ರೂಪಾಯಿ ನಾಣ್ಯಗಳನ್ನು ಪಕ್ಕಪಕ್ಕ ಇಡಿ. ಹೆಚ್ಚು ಕಡಿಮೆ ಅಷ್ಟೇ ಅಗಲ.
— ಚಿಕ್ಕದಿದ್ದರೂ ವಾರದಿಂದ ವಾರಕ್ಕೆ, ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದೆ.
— ಚರ್ಮದ ಕೆಳಗೆ ಸರಾಗವಾಗಿ ಜಾರುವುದಿಲ್ಲ. ಆಳದಲ್ಲಿ, ಸ್ನಾಯುವಿಗೆ ಅಂಟಿದಂತಿದೆ. ಆ ಸ್ನಾಯುವನ್ನು ಬಿಗಿ ಹಿಡಿದಾಗ ಅಲುಗದೆ ನಿಲ್ಲುತ್ತದೆ.
— ಮೊದಲಿಲ್ಲದ ನೋವು ಹೊಸದಾಗಿ ಶುರುವಾಗಿದೆ.
— ಒಮ್ಮೆ ತೆಗೆಸಿದ ಜಾಗದಲ್ಲೇ ಮತ್ತೆ ಬಂದಿದೆ.

ಇಲ್ಲಿ ಜನ ಎಡವುವುದು ನೋವಿನ ವಿಷಯದಲ್ಲಿ. "ನೋಯ್ತಿಲ್ಲವಲ್ಲ, ಇರಲಿ ಬಿಡು" ಎಂಬ ಮಾತು ಎಲ್ಲ ಮನೆಗಳಲ್ಲೂ ಕೇಳುತ್ತದೆ. ಸಾರ್ಕೋಮಾ ಗಂಟು ಬಹಳಷ್ಟು ಸಲ ನೋಯುವುದೇ ಇಲ್ಲ. ನರವನ್ನೋ ಮೂಳೆಯನ್ನೋ ಒತ್ತುವಷ್ಟು ಬೆಳೆದ ಮೇಲೆ ನೋವು ಬರುತ್ತದೆ. ಜ್ವರವಿಲ್ಲ, ತೂಕ ಇಳಿದಿಲ್ಲ, ರಕ್ತ ಪರೀಕ್ಷೆ ಚೆನ್ನಾಗಿದೆ ಎಂಬುದೂ ಧೈರ್ಯ ಕೊಡುವ ಮಾತಲ್ಲ. ಸಾರ್ಕೋಮಾವನ್ನು ಹಿಡಿಯುವ ರಕ್ತ ಪರೀಕ್ಷೆ ಇಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಮೈಮೇಲಿನ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ಕ್ಯಾನ್ಸರ್ ಗಂಟು ಒಂದಿದ್ದರೆ ಸಾದಾ ಗಂಟುಗಳು ನೂರಾದರೂ ಇರುತ್ತವೆ. ವರ್ಷಗಳಿಂದ ಒಂದೇ ಗಾತ್ರದಲ್ಲಿರುವ, ಮೆತ್ತಗಿನ, ಬೆರಳಿಗೆ ಜಾರುವ ಸಣ್ಣ ಕೊಬ್ಬಿನ ಗಂಟಿಗೆ ಹೆದರಬೇಕಿಲ್ಲ. ಈ ಮಾತನ್ನು ಬಿಟ್ಟು ಬರೀ ಹೆದರಿಸಿದರೆ ಎರಡನೇ ಸಲ ನಿಮ್ಮ ಮಾತನ್ನು ಯಾರೂ ಕೇಳುವುದಿಲ್ಲ.

ತೊಡೆ ಈ ರೋಗಕ್ಕೆ ಹೆಚ್ಚು ಒಳಗಾಗುವ ಜಾಗ. ಕಬಡ್ಡಿ ಆಡುವ ಹುಡುಗನ ತೊಡೆ ಊದಿಕೊಂಡರೆ "ಪೆಟ್ಟು ಬಿದ್ದು ರಕ್ತ ಕಟ್ಟಿದೆ" ಎಂದು ಎಣ್ಣೆ ಹಚ್ಚಿ ನೀವುತ್ತಾರೆ. ಪೆಟ್ಟಿನಿಂದ ಸಾರ್ಕೋಮಾ ಹುಟ್ಟುವುದಿಲ್ಲ. ಪೆಟ್ಟು ಬಿದ್ದಾಗ ಕೈ ಆಡಿಸಿ ನೋಡುತ್ತೇವೆ, ಮೊದಲೇ ಇದ್ದ ಗಂಟು ಆಗ ಸಿಗುತ್ತದೆ. ರಕ್ತ ಕಟ್ಟಿದ ಊತ ವಾರಗಳಲ್ಲಿ ಇಳಿಯುತ್ತಾ ಬರಬೇಕು. ನಾಲ್ಕರಿಂದ ಆರು ವಾರವಾದರೂ ಇಳಿಯದೆ, ಇಲ್ಲವೇ ಹೆಚ್ಚುತ್ತಾ ಹೋದರೆ ಅದನ್ನು ಪೆಟ್ಟಿನ ಊತ ಎಂದುಕೊಂಡು ಕೂರಬಾರದು. ನೀವುವುದು, ಲೇಪ ಹಾಕುವುದು, ಬರೆ ಎಳೆಯುವುದು ಯಾವುದೂ ಬೇಡ. ಬರೆಯ ಹುಣ್ಣು ಸೋಂಕಾದರೆ ಮುಂದಿನ ಶಸ್ತ್ರಚಿಕಿತ್ಸೆಯೇ ತಡವಾಗುತ್ತದೆ.

ಹಂತ 2: ಪರೀಕ್ಷೆಗಳ ಕ್ರಮ ತಪ್ಪಬಾರದು

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದು: ಮೊದಲು ಸ್ಕ್ಯಾನ್, ಆಮೇಲೆ ಬಯಾಪ್ಸಿ (ಗಂಟಿನ ತುಣುಕು ತೆಗೆದು ಪರೀಕ್ಷಿಸುವುದು), ಕೊನೆಗೆ ಶಸ್ತ್ರಚಿಕಿತ್ಸೆ. ಮೇಲಿನ ಐದು ಲಕ್ಷಣಗಳಲ್ಲಿ ಒಂದಿರುವ ಗಂಟನ್ನು "ಸಣ್ಣ ಆಪರೇಷನ್, ಮಧ್ಯಾಹ್ನ ಮನೆಗೆ ಹೋಗಬಹುದು" ಎಂದು ಸ್ಕ್ಯಾನ್ ಇಲ್ಲದೆ ತೆಗೆಯಲು ಯಾರಾದರೂ ಹೊರಟರೆ, ವಿನಯದಿಂದಲೇ ತಡೆಯಿರಿ.

ಅಲ್ಟ್ರಾಸೌಂಡ್. ತಾಲ್ಲೂಕು ಮಟ್ಟದಲ್ಲೂ ಸಿಗುತ್ತದೆ, ಖರ್ಚು ಕಡಿಮೆ. ನೀರು ತುಂಬಿದ ಚೀಲವೋ ಗಟ್ಟಿ ಗಂಟೋ, ಸ್ನಾಯುವಿನ ಮೇಲಿದೆಯೋ ಒಳಗಿದೆಯೋ ಎಂದು ತಿಳಿಸುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸಾ ನಿಯಮ ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ, ಕಾರಣ ತಿಳಿಯದೆ ಬೆಳೆಯುವ ಗಂಟಿಗೆ ದೊಡ್ಡವರಲ್ಲಿ ಎರಡು ವಾರದೊಳಗೆ, ಮಕ್ಕಳಲ್ಲಿ 48 ಗಂಟೆಯೊಳಗೆ ಅಲ್ಟ್ರಾಸೌಂಡ್ ಆಗಬೇಕು ಎನ್ನುತ್ತದೆ. ನಾವೂ ಅದೇ ಗಡುವು ಇಟ್ಟುಕೊಳ್ಳಬಹುದು.

ಎಂಆರ್‌ಐ. ಅಲ್ಟ್ರಾಸೌಂಡ್‌ನಲ್ಲಿ ಅನುಮಾನ ಉಳಿದರೆ ಮುಂದಿನದು ಇದು. ಕಾಂಟ್ರಾಸ್ಟ್ ಕೊಟ್ಟು, ಅಂದರೆ ಗಂಟು ಚಿತ್ರದಲ್ಲಿ ಎದ್ದು ಕಾಣಿಸುವ ದ್ರವವನ್ನು ರಕ್ತನಾಳಕ್ಕೆ ಹಾಯಿಸಿ ತೆಗೆಯಬೇಕು. ಕಿಡ್ನಿ ತೊಂದರೆ ಇದ್ದರೆ, ಮೈಯಲ್ಲಿ ಪೇಸ್‌ಮೇಕರ್ ಅಥವಾ ಲೋಹ ಇದ್ದರೆ ಮೊದಲೇ ಹೇಳಿ. ಬಯಾಪ್ಸಿಗಿಂತ ಮುಂಚೆಯೇ ಎಂಆರ್‌ಐ ಆಗಬೇಕು. ಸೂಜಿ ಚುಚ್ಚಿದಾಗ ಒಳಗೆ ರಕ್ತಸ್ರಾವವಾಗಿ ಊತ ಬಂದರೆ ಗಂಟಿನ ಅಂಚು ಚಿತ್ರದಲ್ಲಿ ಮಸುಕಾಗುತ್ತದೆ. ಅಂಚು ಗೊತ್ತಿಲ್ಲದೆ ಶಸ್ತ್ರಚಿಕಿತ್ಸಕರು ಗೆರೆ ಎಲ್ಲಿ ಎಳೆಯಬೇಕು? ಫಿಲ್ಮ್ ಜೊತೆಗೆ ಡೈಕಾಮ್ ಫೈಲ್ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳು) ಇರುವ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ಫಿಲ್ಮಿನ ಮೊಬೈಲ್ ಫೋಟೊ ನೋಡಿ ಯಾವ ತಜ್ಞರೂ ಖಚಿತವಾಗಿ ಹೇಳಲಾರರು.

ಕೋರ್ ಬಯಾಪ್ಸಿ. ಸಾಮಾನ್ಯವಾಗಿ 14ರಿಂದ 16 ಗೇಜಿನ ದಪ್ಪ ಸೂಜಿಯಿಂದ ಅಂಗಾಂಶದ ಸಣ್ಣ ಎಳೆಗಳನ್ನು ತೆಗೆಯುತ್ತಾರೆ. ಜಾಗವನ್ನು ಮಾತ್ರ ಮರಗಟ್ಟಿಸಿ ಮಾಡುವ ಕೆಲಸ. ಎಫ್‌ಎನ್‌ಎಸಿ ಎಂಬ ತೆಳು ಸೂಜಿ ಪರೀಕ್ಷೆಯಲ್ಲಿ ಬಿಡಿ ಬಿಡಿ ಕೋಶಗಳಷ್ಟೇ ಬರುತ್ತವೆ. ಸಾರ್ಕೋಮಾದ ಬಗೆ, ಅದು ಎಷ್ಟು ಉಗ್ರ ಎಂಬ ದರ್ಜೆ ಹೇಳಲು ಅಷ್ಟು ಸಾಲದು. ಎಫ್‌ಎನ್‌ಎಸಿ ವರದಿಯಲ್ಲಿ "ಕ್ಯಾನ್ಸರ್ ಕಂಡಿಲ್ಲ" ಎಂದಿದ್ದರೂ ಗಂಟು ಬೆಳೆಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಬೇಡಿ.

ಸೂಜಿ ಎಲ್ಲಿಂದ ಹೋಗಬೇಕು ಎಂಬುದನ್ನು ಮುಂದೆ ಗಂಟು ತೆಗೆಯುವ ಶಸ್ತ್ರಚಿಕಿತ್ಸಕರೇ ನಿರ್ಧರಿಸಬೇಕು. ಸೂಜಿ ಹಾದ ದಾರಿಯಲ್ಲಿ ಕ್ಯಾನ್ಸರ್ ಕೋಶಗಳು ಉಳಿದಿರಬಹುದು ಎಂದು ಆ ದಾರಿಯನ್ನೂ ಗಂಟಿನ ಜೊತೆಗೇ ಕತ್ತರಿಸಿ ತೆಗೆಯುವ ಯೋಜನೆ ಇರುತ್ತದೆ. ಕೈಕಾಲುಗಳಲ್ಲಿ ಗಾಯ ಉದ್ದಕ್ಕೆ ಇರಬೇಕು, ಅಡ್ಡಕ್ಕೆ ಇರಬಾರದು. ಅಡ್ಡ ಗಾಯವನ್ನೂ ಸೇರಿಸಿ ತೆಗೆಯಲು ಹೊರಟರೆ ಹೆಚ್ಚು ಚರ್ಮ, ಹೆಚ್ಚು ಸ್ನಾಯು ಹೋಗುತ್ತದೆ.

"ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ" ಎಂದು ಹೆದರಿ ಬಯಾಪ್ಸಿಯನ್ನೇ ಬೇಡವೆನ್ನುವವರು ತುಂಬ ಜನ. ಅವರನ್ನು ಮೂಢರೆಂದು ಗದರಬೇಡಿ. ಎಲ್ಲೆಂದರಲ್ಲಿ ಚುಚ್ಚಿದರೆ, ಯೋಜನೆ ಇಲ್ಲದೆ ಕೊಯ್ದರೆ ಕೋಶಗಳು ಅಕ್ಕಪಕ್ಕದ ಅಂಗಾಂಶಕ್ಕೆ ಸೇರುವ ಅಪಾಯ ನಿಜವೇ. ಸರಿಯಾದ ಜಾಗದಲ್ಲಿ ಮಾಡಿದ ಕೋರ್ ಬಯಾಪ್ಸಿಯಲ್ಲಿ ಆ ಅಪಾಯ ಬಹಳ ಕಡಿಮೆ. ಬಯಾಪ್ಸಿಯೇ ಇಲ್ಲದೆ ಕೊಯ್ಯುವುದರಲ್ಲಿ ಅದು ಬಹಳ ಹೆಚ್ಚು. ಹೀಗೆ ಬಿಡಿಸಿ ಹೇಳಿದರೆ ಒಪ್ಪುತ್ತಾರೆ.

ಹೊಟ್ಟೆಯ ಹಿಂಭಾಗದಲ್ಲಿ, ಕಿಡ್ನಿಯ ಸುತ್ತಮುತ್ತ ಬೆಳೆಯುವ ಗಡ್ಡೆಗಳಿಗೆ ಎಂಆರ್‌ಐಗಿಂತ ಸಿಟಿ ಸ್ಕ್ಯಾನ್ ಬಳಕೆ ಹೆಚ್ಚು. ಅಲ್ಲಿ ಗಂಟು ಕೈಗೆ ಸಿಗುವುದಿಲ್ಲ. ಹೊಟ್ಟೆ ದಪ್ಪಗಾಗುವುದು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು ಅದರ ಲಕ್ಷಣ.

ಎದೆಯ ಸಿಟಿ ಸ್ಕ್ಯಾನ್. ಬಯಾಪ್ಸಿಯಲ್ಲಿ ಸಾರ್ಕೋಮಾ ಖಚಿತವಾದ ಮೇಲೆ ಇದು ಬೇಕು. ಸಾರ್ಕೋಮಾ ಹರಡಿದರೆ ಮೊದಲು ಹೋಗುವುದು ಹೆಚ್ಚಾಗಿ ಶ್ವಾಸಕೋಶಕ್ಕೆ.

ಹಂತ 3: ಗಂಟನ್ನು ಆಗಲೇ ಕತ್ತರಿಸಿಬಿಟ್ಟಿದ್ದರೆ

ನಮ್ಮಲ್ಲಿ ಬಹಳಷ್ಟು ಮನೆಗಳಿಗೆ ಸಾರ್ಕೋಮಾ ಎಂಬ ಪದ ತಲುಪುವುದೇ ಹೀಗೆ. ಕೊಬ್ಬಿನ ಗಂಟೆಂದು ತೆಗೆದಿರುತ್ತಾರೆ, ವಾರದ ಮೇಲೆ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ಪೆಥಾಲಜಿ ವರದಿ ಬೇರೆಯದನ್ನು ಹೇಳುತ್ತದೆ. ಎದೆಗುಂದಬೇಡಿ, ಆದರೆ ದಿನ ಕಳೆಯಬೇಡಿ. "ಪೂರ್ತಿ ತೆಗೆದಿದ್ದೇವೆ, ಇನ್ನೇನೂ ಬೇಡ" ಎಂಬ ಸಮಾಧಾನದ ಮಾತನ್ನು ನಂಬಿ ಮನೆಯಲ್ಲಿ ಕೂರುವುದೇ ಇಲ್ಲಿ ದೊಡ್ಡ ತಪ್ಪು. ಸಾರ್ಕೋಮಾವನ್ನು ಕಿತ್ತಳೆಯನ್ನು ಸಿಪ್ಪೆ ಸಮೇತ ತೆಗೆದಂತೆ, ಸುತ್ತ ಆರೋಗ್ಯವಂತ ಅಂಗಾಂಶದ ಒಂದು ಪದರದೊಡನೆ ತೆಗೆಯಬೇಕು. ಗಂಟನ್ನಷ್ಟೇ ಬಿಡಿಸಿ ತೆಗೆದಾಗ ಹಾಸಿಗೆಯಲ್ಲಿ, ಅಂದರೆ ಗಂಟು ಇದ್ದ ಜಾಗದಲ್ಲಿ, ಕಣ್ಣಿಗೆ ಕಾಣದ ಕ್ಯಾನ್ಸರ್ ಉಳಿದಿರುವುದು ತೀರ ಸಾಮಾನ್ಯ.

ಆ ವಾರವೇ ಇಷ್ಟನ್ನು ಮಾಡಿ. ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿ ಪಡೆಯಿರಿ. ಎಲ್ಲಿಂದ ಕೊಯ್ದರು, ಯಾವ ಪದರದವರೆಗೆ ಹೋದರು, ರಕ್ತ ಬಸಿಯುವ ಕೊಳವೆಯನ್ನು ಎಲ್ಲಿ ಇಟ್ಟಿದ್ದರು ಎಂಬುದೆಲ್ಲ ಮುಂದಿನವರಿಗೆ ಬೇಕು. ಮೊದಲು ತೆಗೆದ ಯಾವುದೇ ಸ್ಕ್ಯಾನ್ ಇದ್ದರೆ ಜೋಡಿಸಿಕೊಳ್ಳಿ. ಪೆಥಾಲಜಿ ಲ್ಯಾಬಿನಿಂದ ಗಾಜಿನ ಸ್ಲೈಡುಗಳನ್ನೂ ಗಂಟಿನ ತುಣುಕು ಹುದುಗಿಸಿಟ್ಟ ಮೇಣದ ಬ್ಲಾಕುಗಳನ್ನೂ ತೆಗೆದುಕೊಳ್ಳಿ. ಬಳಿಕ ನೇರವಾಗಿ ಸಾರ್ಕೋಮಾ ನೋಡುವ ಕೇಂದ್ರಕ್ಕೆ ಹೋಗಿ. ಅಲ್ಲಿ ಸಾಮಾನ್ಯವಾಗಿ ಹೊಸ ಎಂಆರ್‌ಐ ತೆಗೆಸಿ, ಗಾಯದ ಜಾಗವನ್ನು ಮತ್ತೊಮ್ಮೆ ಅಗಲವಾಗಿ ತೆಗೆಯುವ ಯೋಜನೆ ಹಾಕುತ್ತಾರೆ, ರೇಡಿಯೇಷನ್ ಸೇರಿಸಬಹುದು. ಎರಡನೇ ಶಸ್ತ್ರಚಿಕಿತ್ಸೆಯಿಂದ ಗುಣವಾದವರು ಅನೇಕರು. ಮೊದಲ ಆಸ್ಪತ್ರೆಯೊಡನೆ ಜಗಳಕ್ಕೆ ಈಗ ಸಮಯ ಕೊಡಬೇಡಿ. ದಾಖಲೆ ಸಿಗುವುದು ಮುಖ್ಯ.

ಹಂತ 4: ಆಸ್ಪತ್ರೆ ಆರಿಸಿಕೊಳ್ಳುವುದು, ಕಡತ ಕಟ್ಟುವುದು

ಹತ್ತಿರದ ಆಸ್ಪತ್ರೆ ಎಂಬ ಒಂದೇ ಕಾರಣಕ್ಕೆ ಆರಿಸಬೇಡಿ. ಸಾರ್ಕೋಮಾದಲ್ಲಿ ಮೊದಲ ಸರಿಯಾದ ಶಸ್ತ್ರಚಿಕಿತ್ಸೆಯ ಮೇಲೆ ಬಹುಪಾಲು ಭವಿಷ್ಯ ನಿಂತಿದೆ. ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈನ ಅಡಯಾರ್ ಕ್ಯಾನ್ಸರ್ ಸಂಸ್ಥೆ, ವೆಲ್ಲೂರಿನ ಸಿಎಂಸಿ ಕನ್ನಡಿಗರು ಹೆಚ್ಚಾಗಿ ಹೋಗುವ ದೊಡ್ಡ ಕೇಂದ್ರಗಳು. ಕಲಬುರಗಿಯಲ್ಲೂ ಕಿದ್ವಾಯಿಯ ಕೇಂದ್ರವಿದೆ. ಖಾಸಗಿ ಆಸ್ಪತ್ರೆಯಾದರೆ ಮೂರು ಪ್ರಶ್ನೆ ಕೇಳಿ: ಕಳೆದ ವರ್ಷ ಎಷ್ಟು ಸಾರ್ಕೋಮಾ ರೋಗಿಗಳನ್ನು ನೋಡಿದ್ದೀರಿ? ನಮ್ಮ ವಿಷಯ ಟ್ಯೂಮರ್ ಬೋರ್ಡಿನಲ್ಲಿ ಚರ್ಚೆಯಾಗುತ್ತದೆಯೇ? ಸ್ಲೈಡನ್ನು ಸಾರ್ಕೋಮಾ ಬಲ್ಲ ಪೆಥಾಲಜಿಸ್ಟ್ ನೋಡುತ್ತಾರೆಯೇ? ಟ್ಯೂಮರ್ ಬೋರ್ಡ್ ಎಂದರೆ ಶಸ್ತ್ರಚಿಕಿತ್ಸಕರು, ರೇಡಿಯೇಷನ್ ತಜ್ಞರು, ಕೀಮೋ ತಜ್ಞರು, ಸ್ಕ್ಯಾನ್ ಓದುವವರು, ಪೆಥಾಲಜಿಸ್ಟ್ ಎಲ್ಲರೂ ಕೂತು ಒಬ್ಬ ರೋಗಿಯ ಬಗ್ಗೆ ಒಟ್ಟಿಗೆ ತೀರ್ಮಾನಿಸುವ ಸಭೆ. ಈ ಪ್ರಶ್ನೆಗಳಿಗೆ ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ.

ಪ್ರಯಾಣ ಮಾಡಲಾಗದವರಿಗೆ ಟಾಟಾ ಸ್ಮಾರಕ ಕೇಂದ್ರ ಮತ್ತು ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಜೊತೆಗೂಡಿರುವ ನವ್ಯ ಎಂಬ ಆನ್‌ಲೈನ್ ಸೇವೆಯಲ್ಲಿ ವರದಿಗಳನ್ನು ಕಳಿಸಿ ಎರಡನೇ ಅಭಿಪ್ರಾಯ ಪಡೆಯಬಹುದು. ಹೊರದೇಶದಲ್ಲಿದ್ದು ಊರಿನ ಅಪ್ಪ ಅಮ್ಮನಿಗೆ ನೆರವಾಗುತ್ತಿರುವ ಮಕ್ಕಳಿಗೆ ಇದು ಒಳ್ಳೆಯ ದಾರಿ.

ಪೆಥಾಲಜಿ ವರದಿ ಕೈಗೆ ಬಂದಾಗ ಈ ವಿವರಗಳಿವೆಯೇ ನೋಡಿ: ಸಾರ್ಕೋಮಾದ ಬಗೆ, ದರ್ಜೆ, ಗಾತ್ರ, ಆಳ, ಅಂಚು. ದರ್ಜೆ 1ರಿಂದ 3ರವರೆಗೆ ಇರುತ್ತದೆ. ಕೋಶಗಳು ಸಹಜ ರೂಪದಿಂದ ಎಷ್ಟು ದೂರ ಹೋಗಿವೆ, ಎಷ್ಟು ವೇಗವಾಗಿ ಒಡೆಯುತ್ತಿವೆ, ಎಷ್ಟು ಭಾಗ ಸತ್ತಿದೆ ಎಂಬ ಮೂರನ್ನು ಕೂಡಿಸಿ ಕೊಡುವ ಅಂಕ ಅದು. ದರ್ಜೆಯೂ (ಗ್ರೇಡ್) ರೋಗದ ಹಂತವೂ (ಸ್ಟೇಜ್) ಒಂದೇ ಅಲ್ಲ. ಹಂತ ಎಂದರೆ ರೋಗ ಎಲ್ಲಿಯವರೆಗೆ ಹೋಗಿದೆ ಎಂಬುದು. "ಗ್ರೇಡ್ 3" ಎಂದು ಓದಿ "ಮೂರನೇ ಸ್ಟೇಜ್" ಎಂದು ನೆಂಟರಿಗೆಲ್ಲ ಹೇಳಿ ಅಳುವ ಮನೆಗಳಿವೆ. ಅಂಚಿನ ಬಗ್ಗೆ ಆರ್0 ಎಂದಿದ್ದರೆ ಸೂಕ್ಷ್ಮದರ್ಶಕದಲ್ಲೂ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ, ಆರ್1 ಎಂದರೆ ಸೂಕ್ಷ್ಮದರ್ಶಕಕ್ಕೆ ಕಾಣುವಷ್ಟು ಉಳಿದಿದೆ, ಆರ್2 ಎಂದರೆ ಕಣ್ಣಿಗೇ ಕಾಣುವಷ್ಟು ಉಳಿದಿದೆ. ಕೆಲವು ಬಗೆಗಳಿಗೆ ಜೀನ್ ಪರೀಕ್ಷೆಯೂ ಬೇಕಾಗುತ್ತದೆ: ಸೈನೋವಿಯಲ್ ಸಾರ್ಕೋಮಾಕ್ಕೆ ಎಸ್‌ಎಸ್18, ಕೆಲವು ಲೈಪೋಸಾರ್ಕೋಮಾಗಳಿಗೆ ಎಂಡಿಎಂ2.

ಕಡತಕ್ಕೆ ಒಂದೇ ಪ್ಲಾಸ್ಟಿಕ್ ಫೋಲ್ಡರ್ ಸಾಕು. ಕಾಗದಗಳು ದಿನಾಂಕದ ಕ್ರಮದಲ್ಲಿರಲಿ, ಮೇಲ್ಗಡೆ ಒಂದು ಪುಟದ ಸಾರಾಂಶವಿರಲಿ, ಎಲ್ಲದರ ಸ್ಕ್ಯಾನ್ ಪ್ರತಿ ಮನೆಯ ಇಬ್ಬರ ಫೋನಿನಲ್ಲಿರಲಿ. ಸ್ಲೈಡುಗಳನ್ನು ಗಟ್ಟಿ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಒಯ್ಯಿರಿ. ಮೇಣದ ಬ್ಲಾಕುಗಳನ್ನು ಬೇಸಿಗೆಯಲ್ಲಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಮೇಣ ಮೆತ್ತಗಾಗಿ ಹಾಳಾಗಬಹುದು. ಬ್ಲಾಕನ್ನು ಕೊಟ್ಟಲ್ಲೆಲ್ಲ ರಸೀದಿ ಪಡೆಯಿರಿ. ಕಳೆದುಹೋದರೆ ಮತ್ತೆ ಬಯಾಪ್ಸಿ ಬೇಕಾದೀತು.

ಹಂತ 5: ಹಣದ ವಿಷಯ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದ) ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಆಧಾರ್ ಮತ್ತು ರೇಷನ್ ಕಾರ್ಡ್ ಬೇಕು. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಆಸ್ಪತ್ರೆಯ ಬಾಗಿಲಲ್ಲೇ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ; ದಾಖಲಾಗುವ ಮೊದಲೇ ಅವರನ್ನು ಕಾಣಿ. ಕೈಯಿಂದ ಕಟ್ಟಿ ಆಮೇಲೆ ಯೋಜನೆಯಿಂದ ವಾಪಸ್ ಪಡೆಯಬಹುದು ಎಂದುಕೊಂಡವರು ಬಹುತೇಕ ನಿರಾಶರಾಗುತ್ತಾರೆ. ಮಾಹಿತಿಗೆ ರಾಜ್ಯದ ಆರೋಗ್ಯ ಸಹಾಯವಾಣಿ 104, ಆಯುಷ್ಮಾನ್ ಭಾರತ್ ಸಹಾಯವಾಣಿ 14555.

ಇದರಾಚೆಗೆ ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ ಇವೆ. ಎರಡಕ್ಕೂ ಆಸ್ಪತ್ರೆಯ ಅಂದಾಜು ಪಟ್ಟಿ ಮೂಲ ಪ್ರತಿಯಲ್ಲಿ ಬೇಕು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3 ಎಸಿ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಶೇ. 75, ಆಸ್ಪತ್ರೆ ನಿಗದಿತ ನಮೂನೆಯಲ್ಲಿ ಪತ್ರ ಕೊಡಬೇಕು.

ಜನರಿಂದ ಹಣ ಕೂಡಿಸುವುದಾದರೆ ಆಸ್ಪತ್ರೆಯಲ್ಲಿರುವ ರೋಗಿಯ ಖಾತೆಗೇ ನೇರವಾಗಿ ಹೋಗುವಂತೆ ಮಾಡಿ. ಆನ್‌ಲೈನ್ ವೇದಿಕೆಗಳ ಶುಲ್ಕ ಎಷ್ಟೆಂದು ಮೊದಲೇ ಓದಿ. ವ್ಯಕ್ತಿಗೆ ನೇರವಾಗಿ ಕೊಟ್ಟ ಹಣಕ್ಕೆ 80ಜಿ ತೆರಿಗೆ ರಿಯಾಯಿತಿ ಇಲ್ಲ, ಆ ನೋಂದಣಿ ಇರುವ ಟ್ರಸ್ಟ್‌ಗೆ ಕೊಟ್ಟರೆ ಮಾತ್ರ. ಹೊರದೇಶದ ಕನ್ನಡಿಗರಿಂದ ಇಲ್ಲಿನ ಟ್ರಸ್ಟ್‌ಗೆ ಹಣ ತರಿಸುವವರು ಒಂದು ನಿಯಮ ಗಮನಿಸಿ: ಭಾರತದ ಪಾಸ್‌ಪೋರ್ಟ್ ಇರುವವರು ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ, ಒಸಿಐ ಕಾರ್ಡಿನವರು (ಬೇರೆ ದೇಶದ ಪೌರತ್ವವಿರುವ ಭಾರತ ಮೂಲದವರು) ಕೊಟ್ಟದ್ದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಟ್ರಸ್ಟ್‌ಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರಲೇಬೇಕು.

ಹಂತ 6: ಚಿಕಿತ್ಸೆಯ ತಿಂಗಳುಗಳಲ್ಲಿ ಜೊತೆಯಾಗುವುದು

ಕಾಲು ಕತ್ತರಿಸಬೇಕಾಗುತ್ತದೆ ಎಂಬ ಭಯವೇ ಎಷ್ಟೋ ಜನರನ್ನು ಆಸ್ಪತ್ರೆಯಿಂದ ಓಡಿಸುತ್ತದೆ. 1982ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ತಜ್ಞರು ಪ್ರಕಟಿಸಿದ ಅಧ್ಯಯನ, ಕಾಲು ಉಳಿಸಿ ಶಸ್ತ್ರಚಿಕಿತ್ಸೆ ಮಾಡಿ ರೇಡಿಯೇಷನ್ ಕೊಟ್ಟವರೂ ಕಾಲು ತೆಗೆದವರೂ ಬದುಕುಳಿಯುವುದರಲ್ಲಿ ವ್ಯತ್ಯಾಸವಿಲ್ಲ ಎಂದು ತೋರಿಸಿತು. ಆಮೇಲೆ ಅಂಗ ಉಳಿಸುವುದೇ ರೂಢಿಯಾಯಿತು. ಇಂದು ಬಹುತೇಕರ ಕೈಕಾಲು ಉಳಿಯುತ್ತದೆ. ತಡವಾಗಿ ಬಂದಾಗ, ಮುಖ್ಯ ನರವೂ ರಕ್ತನಾಳವೂ ಗಂಟಿನೊಳಗೆ ಸಿಕ್ಕಿದಾಗ ಕತ್ತರಿಸುವ ಮಾತು ಬರುತ್ತದೆ. ಹಾಗಾದರೆ ಜೈಪುರದ ಭಗವಾನ್ ಮಹಾವೀರ್ ವಿಕಲಾಂಗ ಸಹಾಯತಾ ಸಮಿತಿ ಕೃತಕ ಕಾಲನ್ನು ಉಚಿತವಾಗಿ ಕೊಡುತ್ತದೆ, ಅಂಗವಿಕಲ ಗುರುತಿನ ಚೀಟಿಗೂ ಅರ್ಜಿ ಹಾಕಬಹುದು.

ರೇಡಿಯೇಷನ್ ಶಸ್ತ್ರಚಿಕಿತ್ಸೆಗೆ ಮುಂಚೆ ಕೊಟ್ಟರೆ ಸಾಮಾನ್ಯವಾಗಿ 50 ಗ್ರೇ, 25 ದಿನದ ಕಂತುಗಳಲ್ಲಿ. ನಂತರ ಕೊಟ್ಟರೆ 60ರಿಂದ 66 ಗ್ರೇ. ಗ್ರೇ ಎಂದರೆ ವಿಕಿರಣದ ಅಳತೆ. ಮುಂಚೆ ಕೊಟ್ಟರೆ ಗಾಯ ಒಣಗುವುದು ತಡವಾಗಬಹುದು, ನಂತರ ಕೊಟ್ಟರೆ ಕಾಲ ಕಳೆದಂತೆ ಅಂಗ ಬಿಗಿಯಾಗುವುದು ಹೆಚ್ಚು. ಎರಡರಲ್ಲಿ ಯಾವುದು ಎಂಬ ಆಯ್ಕೆ ಗಂಟಿನ ಜಾಗ ನೋಡಿ ಆಗುತ್ತದೆ. ಯಾವುದಾದರೂ ವಾರಕ್ಕೆ ಐದು ದಿನದಂತೆ ಐದಾರು ವಾರ ಆಸ್ಪತ್ರೆಯ ಹತ್ತಿರವೇ ಇರಬೇಕು. ಸ್ನೇಹಿತರು ಕೈ ಜೋಡಿಸಬೇಕಾದದ್ದು ಇಲ್ಲಿ. ಕಿದ್ವಾಯಿ ಆವರಣದ ಧರ್ಮಶಾಲೆ, ಮುಂಬೈಗೆ ಹೋದವರಿಗೆ ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆಯಂಥ ಕಡೆ ವಸತಿಗೆ ವಿಚಾರಿಸಿ. ಊರಿನಲ್ಲಿ ಹಸು ಕರೆಯುವವರು ಯಾರು, ಮಕ್ಕಳನ್ನು ಶಾಲೆಗೆ ಕಳಿಸುವವರು ಯಾರು ಎಂದು ಹೆಸರು ಬರೆದು ವಾರದ ಪಟ್ಟಿ ಮಾಡಿ. "ಏನಾದ್ರೂ ಬೇಕಾದ್ರೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. "ಮಂಗಳವಾರ ಊಟ ನಾನು ತರ್ತೀನಿ" ಎಂದರೆ ಭಾರ ಇಳಿಯುತ್ತದೆ.

ಕೀಮೋ ಎಲ್ಲರಿಗೂ ಬೇಕಾಗುವುದಿಲ್ಲ. ಕೊಡುವುದಾದರೆ ಹೆಚ್ಚಾಗಿ ಡಾಕ್ಸೋರುಬಿಸಿನ್, ಐಫಾಸ್ಫಮೈಡ್. ಮೊದಲನೆಯದು ಹೃದಯದ ಮೇಲೆ ಪರಿಣಾಮ ಬೀರಬಹುದು, ಅದಕ್ಕೇ ಮುಂಚೆ ಎಕೋ ಪರೀಕ್ಷೆ. ಅದು ಕೊಟ್ಟ ಮೇಲೆ ಒಂದೆರಡು ದಿನ ಮೂತ್ರ ಕೆಂಪಗಿರುತ್ತದೆ. ಅದು ಔಷಧದ ಬಣ್ಣ. ಎರಡು ದಿನ ಕಳೆದರೂ ಕೆಂಪಗಿದ್ದರೆ, ಉರಿಯಿದ್ದರೆ, ಹೆಪ್ಪು ಕಂಡರೆ ಅದು ಐಫಾಸ್ಫಮೈಡ್‌ನಿಂದ ಮೂತ್ರಕೋಶಕ್ಕೆ ಆದ ಗಾಯವಿರಬಹುದು, ತಕ್ಷಣ ಹೇಳಿ. ಅತಿಯಾದ ಮಂಪರು, ತೊದಲು ಮಾತು ಕಂಡರೂ ಹಾಗೆಯೇ. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಕೀಮೋ ಆದ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ಬಹಳ ಇಳಿದಿರುತ್ತದೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯಬಾರದು, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಜೀವಕ್ಕೇ ಅಪಾಯ.

ಹರೆಯದ ರೋಗಿಗಳಿದ್ದರೆ ಕೀಮೋ ಶುರುವಾಗುವ ಮೊದಲೇ ವೀರ್ಯ ಅಥವಾ ಅಂಡಾಣು ಕಾಪಿಡುವ ಬಗ್ಗೆ ಕೇಳಿ. ಮನೆಯಲ್ಲಿ ಸಂಕೋಚದಿಂದ ಯಾರೂ ಈ ಮಾತು ಎತ್ತುವುದಿಲ್ಲ, ಆಮೇಲೆ ದಾರಿ ಇರುವುದಿಲ್ಲ.

ಫಿಸಿಯೋಥೆರಪಿ ಬಿಡಬೇಡಿ. ರೇಡಿಯೇಷನ್ ಆದ ಮಂಡಿ, ಮೊಣಕೈ ಬಿಗಿದುಕೊಂಡರೆ ಮತ್ತೆ ಸಡಿಲಿಸುವುದು ಕಷ್ಟ.

ಇನ್ನು ಮಾತಿನ ವಿಷಯ. "ಹೇಗೆ ಬಂತು? ಏನು ತಿಂತಿದ್ದೆ?" ಎಂದು ದಯವಿಟ್ಟು ಕೇಳಬೇಡಿ. ಹೆಚ್ಚಿನ ಸಾರ್ಕೋಮಾಗಳಿಗೆ ಕಾರಣವೇ ತಿಳಿದಿಲ್ಲ. ಹಿಂದೆ ಬೇರೆ ಕ್ಯಾನ್ಸರ್‌ಗೆ ಪಡೆದ ರೇಡಿಯೇಷನ್, ಲೀ-ಫ್ರೌಮೇನಿ ಮತ್ತು ನ್ಯೂರೋಫೈಬ್ರೋಮಟೋಸಿಸ್ 1ರಂಥ ವಂಶವಾಹಿ ತೊಂದರೆಗಳು ಕೆಲವರಲ್ಲಿ ಮಾತ್ರ ಕಾರಣ. ಇದು ಅಂಟುವುದಿಲ್ಲ, ಯಾರ ಪಾಪದ ಫಲವೂ ಅಲ್ಲ. ಅಪರೂಪದ ರೋಗದ ದೊಡ್ಡ ಹಿಂಸೆ ಒಂಟಿತನ. ಅದೇ ರೋಗದವರು ಊರಲ್ಲಿ ಇನ್ನೊಬ್ಬರು ಸಿಗುವುದಿಲ್ಲ. ಜಿಸ್ಟ್ ಇರುವವರಿಗೆ ಫ್ರೆಂಡ್ಸ್ ಆಫ್ ಮ್ಯಾಕ್ಸ್ ಎಂಬ ರೋಗಿಗಳ ಬಳಗ ಭಾರತದಲ್ಲಿದೆ. ಉಳಿದ ಬಗೆಯವರು ಚಿಕಿತ್ಸೆ ಪಡೆಯುವ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಮೂಲಕ ಹಳೆಯ ರೋಗಿಯೊಬ್ಬರ ಜೊತೆ ಮಾತಾಡಿಸಿಕೊಡಲು ಕೇಳಬಹುದು. ಮನಸ್ಸು ತೀರ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ರೋಗ ಗುಣವಾಗದ ಹಂತ ತಲುಪಿದವರಿಗೆ ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ಆರೈಕೆ ಕೊಡುತ್ತದೆ. ನೋವು ತಡೆದುಕೊಂಡು ಇರಬೇಕಾಗಿಲ್ಲ, ಮಾರ್ಫೀನ್ ಇದೆ.

ಚಿಕಿತ್ಸೆ ಮುಗಿದ ಮೇಲೆ ಮೊದಲ ಎರಡು ಮೂರು ವರ್ಷ ಪ್ರತಿ 3–4 ತಿಂಗಳಿಗೆ, ಐದನೇ ವರ್ಷದವರೆಗೆ ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ ಇರುತ್ತದೆ. ಗಾಯದ ಜಾಗ, ಶ್ವಾಸಕೋಶ ಎರಡನ್ನೂ ನೋಡುತ್ತಾರೆ. ಬಿತ್ತನೆ, ಜಾತ್ರೆ, ಮದುವೆ ಎಂದು ದಿನ ಮುಂದೂಡದಂತೆ ನೆನಪಿಸುವವರು ಒಬ್ಬರಿರಲಿ.

ಹಂತ 7: ಊರಿನಲ್ಲಿ ಜಾಗೃತಿ

ಜುಲೈ ತಿಂಗಳನ್ನು ಸಾರ್ಕೋಮಾ ಜಾಗೃತಿ ಮಾಸವೆಂದು ಆಚರಿಸುತ್ತಾರೆ, ಹಳದಿ ರಿಬ್ಬನ್ ಅದರ ಗುರುತು. ಆದರೆ ರಿಬ್ಬನ್ ಕಟ್ಟಿ ಮೆರವಣಿಗೆ ಹೋಗುವುದರಿಂದ ಈ ರೋಗದಲ್ಲಿ ಲಾಭ ಕಡಿಮೆ. ತಪಾಸಣಾ ಶಿಬಿರವೂ ಬೇಡ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಸರ್ಕಾರದ ತಪಾಸಣೆ ಇದೆ, ಅದು ಫಲ ಕೊಡುತ್ತದೆ. ಸಾರ್ಕೋಮಾಕ್ಕೆ ಅಂಥ ತಪಾಸಣೆ ಇಲ್ಲ. ಸಾವಿರ ಜನರನ್ನು ಸಾಲು ನಿಲ್ಲಿಸಿದರೆ ಸಿಗುವುದು ಕೊಬ್ಬಿನ ಗಂಟುಗಳು. ಹಣವನ್ನೂ ಶ್ರಮವನ್ನೂ ಗಂಟನ್ನು ಮೊದಲು ನೋಡುವ ಕಣ್ಣುಗಳ ಮೇಲೆ ಹಾಕಿ.

ಆ ಕಣ್ಣುಗಳು ಯಾರವು? ಊರಿನ ವೈದ್ಯರು, ಆಯುರ್ವೇದ ಕ್ಲಿನಿಕ್‌ನವರು, ನಾಟಿ ವೈದ್ಯರು, ಮೂಳೆ ಕಟ್ಟುವವರು, ಫಿಸಿಯೋಥೆರಪಿಸ್ಟರು, ಮಸಾಜ್ ಮಾಡುವವರು, ಗರಡಿ ಮನೆ ಮತ್ತು ಜಿಮ್ ತರಬೇತುದಾರರು, ದೈಹಿಕ ಶಿಕ್ಷಕರು, ಅಳತೆ ತೆಗೆದುಕೊಳ್ಳುವ ಟೈಲರ್‌ಗಳು, ಆಶಾ ಕಾರ್ಯಕರ್ತೆಯರು. ಭಾರತೀಯ ವೈದ್ಯಕೀಯ ಸಂಘದ ನಿಮ್ಮ ಊರಿನ ಶಾಖೆಗೆ ಪತ್ರ ಬರೆದು ಮುಂದಿನ ಸಭೆಯಲ್ಲಿ 15 ನಿಮಿಷ ಕೇಳಿ. ಮಾತಾಡಲು ಕ್ಯಾನ್ಸರ್ ಶಸ್ತ್ರಚಿಕಿತ್ಸಕರನ್ನೇ ಕರೆಸಿ, ವಿಷಯ ಒಂದೇ ಇರಲಿ: 5 ಸೆಂ.ಮೀ. ದಾಟಿದ ಅಥವಾ ಆಳದ ಗಂಟನ್ನು ಸ್ಕ್ಯಾನ್ ಇಲ್ಲದೆ ತೆಗೆಯಬೇಡಿ. ಉಳಿದವರಿಗೆ ಅಂಗೈಯಗಲದ ಕಾರ್ಡ್ ಸಾಕು. ಅದರ ಮೇಲೆ ಹೀಗೆ ಅಚ್ಚು ಹಾಕಿಸಬಹುದು:

"ಗಂಟು ಇದೆಯೇ? ಎರಡು 5 ರೂಪಾಯಿ ನಾಣ್ಯಕ್ಕಿಂತ ಅಗಲವೇ? ಬೆಳೆಯುತ್ತಿದೆಯೇ? ಆಳದಲ್ಲಿದೆಯೇ? ತೆಗೆಸಿದ ಮೇಲೂ ಮತ್ತೆ ಬಂತೇ? ಹೊಸದಾಗಿ ನೋವು ಬಂತೇ? ಒಂದಕ್ಕಾದರೂ ಹೌದು ಎಂದರೆ ನೀವಬೇಡಿ, ಕೊಯ್ಯಿಸಬೇಡಿ. ಎರಡು ವಾರದೊಳಗೆ ಸ್ಕ್ಯಾನ್ ಮಾಡಿಸಿ. ಹೆಚ್ಚಿನ ಗಂಟು ಕ್ಯಾನ್ಸರ್ ಅಲ್ಲ. ಖಚಿತ ಮಾಡಿಕೊಳ್ಳಿ."

ಕಾರ್ಡಿನ ಅಂಚಿಗೆ 5 ಸೆಂ.ಮೀ.ನ ಅಳತೆಗೆರೆ ಹಾಕಿಸಿ. ಅಚ್ಚಾದ ಮೇಲೆ ಸ್ಕೇಲಿಟ್ಟು ನೋಡಿ; ಮುದ್ರಣದಲ್ಲಿ ಪುಟ ಕುಗ್ಗಿ ಗೆರೆ ನಾಲ್ಕೂವರೆಯಾಗಿಬಿಡುತ್ತದೆ. ಅಕ್ಷರ ದೊಡ್ಡದಿರಲಿ. ಕೊಳೆತ ಗಡ್ಡೆಯ ಭಯಾನಕ ಚಿತ್ರ ಬೇಡ. ಜನ ಕಣ್ಣು ತಿರುಗಿಸುತ್ತಾರೆ, ತಮ್ಮ ಸಣ್ಣ ಗಂಟು ಹಾಗಿಲ್ಲ ಎಂದು ನೆಮ್ಮದಿಯಾಗುತ್ತಾರೆ. ಕಾರ್ಡನ್ನು ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧ ಅಂಗಡಿಗಳಲ್ಲಿ ಇಡಿ.

ರೋಗಿಯೊಬ್ಬರು ತಮ್ಮ ಕಥೆ ಹೇಳಲು ಮುಂದೆ ಬಂದರೆ ಅದಕ್ಕಿಂತ ಬಲವಾದದ್ದು ಬೇರೆ ಇಲ್ಲ. ಆದರೆ ಅವರ ಫೋಟೊ, ಹೆಸರು, ವರದಿ ಎಲ್ಲೆಲ್ಲಿ ಬಳಸುತ್ತೀರಿ ಎಂದು ಬರೆದು ಸಹಿ ಪಡೆಯಿರಿ, ಬೇಡವೆಂದ ದಿನ ತೆಗೆದುಹಾಕುತ್ತೇವೆ ಎಂದೂ ಅದರಲ್ಲಿರಲಿ. ಮದುವೆಯಾಗಬೇಕಾದ ಹುಡುಗ ಹುಡುಗಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವಾಟ್ಸ್ಆ್ಯಪ್ ಗುಂಪು ಮಾಡಿದರೆ ಮೊದಲ ದಿನವೇ ನಿಯಮ ಹಾಕಿ: ಗುಣಪಡಿಸುವ ಎಲೆ, ಪುಡಿ, ಕಷಾಯದ ಸಂದೇಶ ಇಲ್ಲಿ ಬರುವಂತಿಲ್ಲ. ಕ್ಯಾನ್ಸರ್ ಗುಣಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಪುಡಿಯ ಬೆನ್ನು ಹತ್ತಿ ಮೂರು ತಿಂಗಳು ಕಳೆದರೆ ಉಳಿಸಬಹುದಾಗಿದ್ದ ಕಾಲು ಹೋಗುತ್ತದೆ.

ಮಾತು ಮುಗಿದು ಕುರ್ಚಿ ಮಡಚುವ ಹೊತ್ತಿಗೆ ಯಾರಾದರೂ ಬದಿಗೆ ಕರೆದು ತಮ್ಮ ಗಂಟು ತೋರಿಸುತ್ತಾರೆ. ಅದಕ್ಕೆ ಮೊದಲೇ ಸಿದ್ಧರಾಗಿರಿ. ಕೈಯಿಟ್ಟು ನೋಡಿ "ಏನಿಲ್ಲ" ಎಂದೋ "ಹೌದು ಇದೇ" ಎಂದೋ ತೀರ್ಪು ಕೊಡಬೇಡಿ, ನೀವು ವೈದ್ಯರಾಗಿದ್ದರೂ ಸ್ಕ್ಯಾನ್ ಇಲ್ಲದೆ ಕೊಡಬೇಡಿ. ಗಂಟಿನ ಉದ್ದ, ಅಗಲ ಅಳೆದು ದಿನಾಂಕದೊಂದಿಗೆ ಕಾರ್ಡಿನ ಹಿಂದೆ ಬರೆದುಕೊಡಿ. ಹತ್ತಿರದಲ್ಲಿ ಅಲ್ಟ್ರಾಸೌಂಡ್ ಎಲ್ಲಿದೆ, ಯಾವ ದಿನ ಇರುತ್ತದೆ ಎಂಬುದನ್ನು ಹೇಳಿ. ಒಪ್ಪಿದರೆ ಫೋನ್ ನಂಬರ್ ಪಡೆದು, ಎರಡು ವಾರದ ಮೇಲೆ ಕರೆಮಾಡಿ ಸ್ಕ್ಯಾನ್ ಆಯಿತೇ ಎಂದು ಕೇಳಿ. ಆಗಿಲ್ಲ ಎಂದರೆ ಕಾರಣ ಕೇಳಿ. ಬಸ್ಸಿನ ದುಡ್ಡೋ, ಜೊತೆಗೆ ಬರುವವರಿಲ್ಲವೋ, ಭಯವೋ ಎಂಬುದು ತಿಳಿದರೆ ಅದನ್ನು ನಿಮ್ಮ ಬಳಗದಿಂದಲೇ ಸರಿಪಡಿಸಬಹುದು.